ಗೆಲುವಿಗೆ ಸೀರೆ ಉಡಿಸಿದ ವರ್ಷ

ಹೋದ ತಿಂಗಳು ಲಸಿಕೆ ಶಿಬಿರಕ್ಕೆಂದು ಕುಂಚಾವರಂ ಕಡೆಗೆ ಹೋಗಬೇಕಾಯಿತು. ಚಿಂಚೋಳಿಗೆ ಅಂಟಿಕೊಂಡ ಚಂದಾಪುರ ದಾಟಿ, ಹೊಲಗಳು ಮುಗಿದು ಕಾಡು ಶುರುವಾಗುವಲ್ಲಿ ನಮ್ಮ ಜೀಪು ಎರಡನೇ ಗೇರಿಗೆ ಇಳಿಯಿತು. ಮಳೆ ನಿಂತು ವಾರವಾಗಿತ್ತು. ಒದ್ದೆ ಕೆಮ್ಮಣ್ಣು, ತೇಗದ ಎಲೆ, ಅದರ ಜೊತೆಗೆ ಜೀಪಿನ ಕ್ಲಚ್ ಸುಡುವ ವಾಸನೆ. ಪಕ್ಕದಲ್ಲಿದ್ದ ಹೊಸ ನರ್ಸ್ ಹುಡುಗಿ ಕಿಟಕಿಯಿಂದ ಮೊಬೈಲ್ ಹೊರಗೆ ಹಿಡಿದು, ನಮ್ಮ ಜಿಲ್ಲೆಯಲ್ಲಿ ಇಂಥ ಜಾಗ ಇದೆಯೆಂದೇ ಗೊತ್ತಿರಲಿಲ್ಲ ಎಂದಳು. ನಾನು ಹಲ್ಲು ಕಚ್ಚಿ ಕುಳಿತಿದ್ದೆ. ಆ ರಸ್ತೆಯ ಒಂದೊಂದು ತಿರುವೂ ನನ್ನ ತೊಡೆಗಳಿಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಅದನ್ನು ನಾನು ಸೈಕಲ್ ತುಳಿದು ಹತ್ತಿದ್ದೆ. ಮೂವತ್ತೊಂದು ಜನರಲ್ಲಿ ಎಲ್ಲರಿಗಿಂತ ಮೊದಲು ಹತ್ತಿದ್ದೆ. ಆ ಸ್ಪರ್ಧೆ ನಡೆಸಿದ ಸಂಘದ ಯಾವ ಕಾಗದದಲ್ಲೂ ಆ ಮಾತಿಲ್ಲ.

ಇಷ್ಟು ದಿನದ ಮೇಲೆ ಅದನ್ನೆಲ್ಲ ಯಾಕೆ ಕೆದಕುತ್ತೀ ಎಂದು ನನ್ನ ಗಂಡ ಈಗಲೂ ಕೇಳುತ್ತಾನೆ. ಕೆದಕುವುದಕ್ಕೆ ಅದು ಹೂತುಹೋಗಿಲ್ಲವಲ್ಲ, ಮೇಲೆಯೇ ಇದೆ.

ನಾನು ಚಿತ್ತಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್. ಮನೆ ವಾಡಿಯಲ್ಲಿ. ಗಂಡ ಸಿಮೆಂಟ್ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ತವರು ಸೇಡಂ. ಹದಿನಾಲ್ಕನೇ ವಯಸ್ಸಿನಲ್ಲಿ ನನ್ನನ್ನು ವಿಜಯಪುರದ ಕ್ರೀಡಾ ವಸತಿ ನಿಲಯಕ್ಕೆ ಆರಿಸಿಕೊಂಡಿದ್ದರು. ಮೂರು ವರ್ಷ ಅಲ್ಲಿ ಸೈಕಲ್ ತುಳಿದೆ. ಊರಿನ ಸೈಕಲ್ ಅಲ್ಲ, ಫಿಕ್ಸ್ ಗೇರ್ ಸೈಕಲ್. ಸಾಮಾನ್ಯ ಸೈಕಲ್‌ನಲ್ಲಿ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತನ್ನಷ್ಟಕ್ಕೆ ಓಡುತ್ತದೆ, ಹಿಂದೆ ಫ್ರೀವೀಲ್ ಕಟಕಟ ಎನ್ನುತ್ತದೆ. ಇದರಲ್ಲಿ ಫ್ರೀವೀಲ್ ಇಲ್ಲ. ಇರುವುದು ಒಂದೇ ಗೇರು. ಚಕ್ರ ತಿರುಗುವವರೆಗೆ ಪೆಡಲೂ ತಿರುಗುತ್ತದೆ, ಪೆಡಲಿನ ಜೊತೆ ಕಾಲೂ ತಿರುಗಬೇಕು. ಏರು ಬರಲಿ ಇಳಿಜಾರು ಬರಲಿ, ಕಾಲಿಗೆ ಬಿಡುವಿಲ್ಲ. ಆಮೇಲೆ ನರ್ಸಿಂಗ್ ಓದು, ಕೆಲಸ, ಮದುವೆ. ಸೈಕಲ್ಲು ಸೇಡಂ ಮನೆಯ ಗೋಡೆಯ ಗೂಟಕ್ಕೆ ನೇತುಬಿದ್ದು ಹನ್ನೊಂದು ವರ್ಷ ಧೂಳು ತಿಂದಿತು.

ಆ ವರ್ಷ ಮಳೆಗೆ ವಾಡಿ–ಚಿತ್ತಾಪುರ ರಸ್ತೆ ಕಿತ್ತುಹೋಗಿ ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದಿನವೂ ತಡವಾಗಿ ಹೋಗಿ ಮಾತು ಕೇಳಿ ಸಾಕಾಗಿ, ಒಂದು ಭಾನುವಾರ ಸೇಡಂಗೆ ಹೋಗಿ ಸೈಕಲ್ ಇಳಿಸಿಕೊಂಡು ಬಂದೆ. ಗಂಡ ಅದಕ್ಕೆ ಮುಂದಿನ ಬ್ರೇಕ್ ಹಾಕಿಸಿಕೊಟ್ಟ. ನಮ್ಮತ್ತೆ ಕಾಶೀಬಾಯಿ ಬಾಗಿಲಲ್ಲಿ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದರು. ಓದುಬರಹ ಬಾರದ, ಜೀವನವೆಲ್ಲ ಎಮ್ಮೆ ಸಾಕಿದ ಹೆಂಗಸು. ಸೊಸೆ ಸೈಕಲ್ ಹತ್ತಿ ಹೋದರೆ ಓಣಿ ಏನನ್ನುತ್ತದೋ ಎಂದು ಅವರು ಅನ್ನಬಹುದೆಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, ಸಂಜೆ ಎಷ್ಟು ಗಂಟೆಗೆ ಮನೆ ಸೇರುತ್ತೀ ಎಂದು.

ಹೀಗೆ ಆ ತೊಗರಿಯ ಹಂಗಾಮು ಶುರುವಾಯಿತು. ಬೆಳಿಗ್ಗೆ ಆರೂವರೆಗೆ ಹೊರಟರೆ ರಸ್ತೆಯ ಎರಡೂ ಕಡೆ ಮೊಣಕಾಲು ದಾಟಿ ಬೆಳೆದ ತೊಗರಿ. ಮುಂದೆ ಸಿಮೆಂಟ್ ಲಾರಿಗಳ ಸಾಲು. ಚಿತ್ತಾಪುರ ಮುಟ್ಟುವಷ್ಟರಲ್ಲಿ ಹುಬ್ಬು ಬೆಳ್ಳಗಾಗಿರುತ್ತಿತ್ತು. ಮೊದಲ ವಾರ ಮೆಟ್ಟಿಲಿಳಿಯಲು ಆಗುತ್ತಿರಲಿಲ್ಲ. ಮೂರನೇ ವಾರ ಕಾಲುಗಳಿಗೆ ಹಳೆಯದೆಲ್ಲ ನೆನಪಾಯಿತು.

ವಾಡಿ ಸ್ಟೇಷನ್ ರಸ್ತೆಯ ಚಹಾದ ಅಂಗಡಿಯಲ್ಲಿ ದಿನವೂ ಒಬ್ಬ ಮುದುಕರು ಕೂತಿರುತ್ತಿದ್ದರು. ಯೂಸುಫ್ ಸಾಬ್. ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಒಂದು ದಿನ ನಾನು ಹಾದುಹೋಗುವಾಗ ಕೈಯೆತ್ತಿ ನಿಲ್ಲಿಸಿದರು. ನಿನ್ನೆಗಿಂತ ಇಪ್ಪತ್ತು ಸೆಕೆಂಡ್ ತಡವಾಗಿ ಬಂದೆ, ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಮನೆಯಿಂದ ನಾನು ಹೊರಡುವುದೂ ಅವರಿಗೆ ಆ ಅಂಗಡಿಯ ಬೆಂಚಿನಿಂದಲೇ ಕಾಣುತ್ತಿತ್ತಂತೆ. ಹದಿನೈದು ದಿನದಿಂದ ಗಡಿಯಾರ ಹಿಡಿದು ನೋಡುತ್ತಿದ್ದರಂತೆ. ಮೂವತ್ತೈದು ವರ್ಷ ಗಾಡಿಯ ವೇಳೆ ಬರೆದವರಿಗೆ ಸುಮ್ಮನೆ ಕೂರುವುದು ಬರುತ್ತಿರಲಿಲ್ಲ. ಚಿಂಚೋಳಿಯಲ್ಲಿ ಸೈಕಲ್ ಸ್ಪರ್ಧೆ ಇದೆ ಎಂಬ ಕರಪತ್ರ ತಂದುಕೊಟ್ಟವರೂ ಅವರೇ. ಸೈಕಲ್ ಹವ್ಯಾಸಿಗಳ ಸಂಘವೊಂದು ಹೊಸದಾಗಿ ಹುಟ್ಟಿತ್ತು. ಆ ಹಂಗಾಮಿಗೆ ಎರಡು ಸ್ಪರ್ಧೆ ಗೊತ್ತುಮಾಡಿತ್ತು. ಮೊದಲನೆಯದು ಕುಂಚಾವರಂ ಘಾಟಿನ ಆರು ಕಿಲೋಮೀಟರ್ ಏರು. ಎರಡನೆಯದು ತೊಗರಿ ರಾಶಿಯ ಹೊತ್ತಿಗೆ, ಚಿತ್ತಾಪುರ–ಸೇಡಂ ರಸ್ತೆಯಲ್ಲಿ ಫಿಕ್ಸ್ ಗೇರ್ ಸೈಕಲ್ಲುಗಳಿಗೆ ಮಾತ್ರ, ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವ ಸ್ಪರ್ಧೆ. ವೇಳೆ ಹಿಡಿಯುವ ಕೆಲಸಕ್ಕೆ ಸಂಘದವರು ಯೂಸುಫ್ ಸಾಬರನ್ನೇ ಒಪ್ಪಿಸಿದ್ದರು. ಕರಪತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಎಲ್ಲರಿಗೂ ಮುಕ್ತ.

ಎಲ್ಲರಿಗೂ ಎಂಬ ಮಾತನ್ನು ನಾನು ನಂಬಿದೆ.

ದೀಪಾವಳಿಗೆ ಮುಂಚಿನ ಭಾನುವಾರ ಘಾಟಿನ ಬುಡದಲ್ಲಿ ಮೂವತ್ತೊಂದು ಜನ ನಿಂತೆವು. ಮೂವತ್ತು ಗಂಡಸರು, ನಾನು. ನನ್ನ ನಂಬರ್ ಹದಿನೇಳು. ಸಂಘದ ಕಾರ್ಯದರ್ಶಿ ಚಂದಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಹೆಸರು ಬರೆಯುವುದಿಲ್ಲ. ಕೆಟ್ಟ ಮನುಷ್ಯರೆಂದು ಯಾರೂ ಅನ್ನುವಂತಿಲ್ಲ, ಎಲ್ಲರಿಗೂ ಕೈಮುಗಿದು ಮಾತಾಡುವವರು. ನನಗೂ ಕೈಮುಗಿದು, ಅಕ್ಕಾರ, ನಡುವೆ ದಣಿವಾದರೆ ಹಿಂದೆ ಜೀಪು ಬರುತ್ತದೆ, ಹತ್ತಿಬಿಡಿ ಎಂದರು.

ಸೀಟಿ ಊದಿದ ಕೂಡಲೇ ಗಂಡಸರೆಲ್ಲ ದಡದಡ ಎದ್ದು ಹೋದರು. ಗೇರಿನ ಸೈಕಲ್ಲುಗಳು, ಬಣ್ಣದ ಟೋಪಿಗಳು. ನಾನು ಹಿಂದೆ ಉಳಿದೆ. ಒಂದೇ ಗೇರು ಇದ್ದವರಿಗೆ ಆತುರಪಡುವ ಹಕ್ಕಿಲ್ಲ. ಹಿಂದಿನ ಹಲ್ಲುಗಾಲಿಯನ್ನು ಏರಿಗೆಂದು ದೊಡ್ಡದು ಹಾಕಿಸಿಕೊಂಡಿದ್ದೆ, ಆದರೂ ಕಡಿದಾದ ತಿರುವಿನಲ್ಲಿ ಒಂದೊಂದು ಸುತ್ತಿಗೂ ಇಡೀ ಮೈಯನ್ನು ಪೆಡಲಿನ ಮೇಲೆ ಇಳಿಸಬೇಕು. ನಿಲ್ಲಿಸಿದರೆ ಸೈಕಲ್ ನಿಲ್ಲುತ್ತದೆ, ನಿಂತರೆ ಬೀಳುತ್ತೇನೆ. ಎರಡನೇ ಕಿಲೋಮೀಟರಿನಲ್ಲಿ ಮೊದಲ ಟೋಪಿ ಸಿಕ್ಕಿತು. ಆಮೇಲೆ ಒಬ್ಬೊಬ್ಬರಾಗಿ. ಕೆಲವರು ಇಳಿದು ತಳ್ಳುತ್ತಿದ್ದರು. ಒಬ್ಬ ನನ್ನನ್ನು ಕಂಡು ಮತ್ತೆ ಹತ್ತಿದ, ಹತ್ತು ಮಾರು ತುಳಿದು ಮತ್ತೆ ಇಳಿದ. ಕೊನೆಗೆ ಮುಂದೆ ಉಳಿದವನು ಒಬ್ಬನೇ. ಶಹಾಬಾದಿನ ಹುಡುಗ, ಅನಿಲ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದವನು. ಇಪ್ಪತ್ತೆರಡರ ಪ್ರಾಯ, ಹೆಗಲು ಗಟ್ಟಿ. ಕೊನೆಯ ತಿರುವಿನಲ್ಲಿ ಅವನ ಉಸಿರು ಕೇಳಿಸಿತು. ನನ್ನ ಉಸಿರಿಗಿಂತ ಅದು ಹೆಚ್ಚು ಒಡೆದಿತ್ತು. ಆಗಲೇ ಗೊತ್ತಾಯಿತು. ಗೆರೆ ದಾಟಿದಾಗ ಅವನು ನನ್ನಿಂದ ಮೂರು ಸೈಕಲ್ ಉದ್ದ ಹಿಂದಿದ್ದ. ಯೂಸುಫ್ ಸಾಬ್ ತಮ್ಮ ಪುಸ್ತಕದಲ್ಲಿ ಮೊದಲ ಸಾಲಿಗೆ ಹದಿನೇಳು ಎಂದು ಬರೆಯುವುದನ್ನು ರಸ್ತೆಯ ಮೇಲೆ ಕೂತೇ ನೋಡಿದೆ.

ಬಹುಮಾನ ಕೊಡುವ ವೇದಿಕೆ ಕೆಳಗೆ ಚಂದಾಪುರದಲ್ಲಿತ್ತು. ಮೇಲಿನ ಗೆರೆಗೂ ಕೆಳಗಿನ ವೇದಿಕೆಗೂ ನಡುವೆ ಒಂದು ತಾಸು. ಆ ಒಂದು ತಾಸಿನಲ್ಲಿ ಮಹಿಳಾ ವಿಭಾಗ ಹುಟ್ಟಿತು. ಕರಪತ್ರದಲ್ಲಿ ಇಲ್ಲದ್ದು, ಬುಡದಲ್ಲಿ ಹೇಳದ್ದು. ಮೈಕಿನಲ್ಲಿ ಮೊದಲ ಸ್ಥಾನ ಅನಿಲ ಎಂದರು. ಕಪ್ಪು ಕೊಟ್ಟರು, ಶಾಲು ಹೊದಿಸಿದರು. ಎರಡು, ಮೂರು ಎಲ್ಲ ಆದಮೇಲೆ, ಈಗ ಮಹಿಳಾ ವಿಭಾಗದ ಪ್ರಥಮ ಬಹುಮಾನ ಎಂದು ನನ್ನ ಹೆಸರು ಕೂಗಿದರು. ಚಪ್ಪಾಳೆ ಎಲ್ಲರಿಗಿಂತ ನನಗೇ ಜಾಸ್ತಿ ಬಿತ್ತು. ಒಬ್ಬಳೇ ಇರುವ ವಿಭಾಗದಲ್ಲಿ ಮೊದಲು ಬಂದವಳಿಗೆ ಒಂದು ಸೀರೆ, ಅರಿಶಿನ ಕುಂಕುಮದ ಪೊಟ್ಟಣ.

ನಾನು ಏನು ಮಾಡಿದೆ? ತಗೊಂಡೆ. ಫೋಟೋದವನು ನಗಿರಿ ಎಂದಾಗ ನಕ್ಕೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಅವರ ಮೇಲಿನ ಸಿಟ್ಟಿನಲ್ಲಿ ಅರ್ಧ ಪಾಲು ಆ ನಗುವಿನದು.

ವೇದಿಕೆ ಇಳಿದ ಮೇಲೆ ಕಾರ್ಯದರ್ಶಿಗಳನ್ನು ಕೇಳಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಮನೆ ಮಗಳಿಗೆ ತಿಳಿಸಿ ಹೇಳುವಂತೆ ಹೇಳಿದರು.

"ಅಕ್ಕಾರ, ನಿಮಗ ಮಾನ ಕೊಟ್ಟೀವಿ. ಆದ್ರ ಮೂವತ್ತು ಮಂದಿ ಗಂಡ್ಸುರು ಹೆಣ್ಮಗಳ ಹಿಂದ ಬಂದ್ರು ಅಂತ ಪೇಪರಿನಾಗ ಬಂದ್ರ, ಮುಂದಿನ ಸಲ ಯಾರು ಬರ್ತಾರ ಹೇಳ್ರಿ? ಸಂಘ ಉಳೀಬೇಕಲ್ರಿ."

ಆ ಮಾತಿನಲ್ಲಿ ಒಂದೂ ಗಡಸು ಶಬ್ದವಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸಂಘ ಉಳಿಯಬೇಕಂತೆ, ಅದಕ್ಕೆ ನಾನು ಅಳಿಯಬೇಕಂತೆ.

ಯೂಸುಫ್ ಸಾಬ್ ಊಟಕ್ಕೆ ನಿಲ್ಲದೆ ಆಗಲೇ ಹೊರಟುಹೋಗಿದ್ದರು. ತಾವು ಕೊಟ್ಟ ಪಟ್ಟಿಗೂ ಮೈಕಿನಲ್ಲಿ ಓದಿದ್ದಕ್ಕೂ ಸಂಬಂಧವಿಲ್ಲವೆಂದು ಕಾರ್ಯದರ್ಶಿಗಳ ಜೊತೆ ಜಗಳವಾಡಿದ್ದರಂತೆ. ಮರುದಿನ ಚಹಾದ ಅಂಗಡಿಯಲ್ಲಿ ಪುಸ್ತಕ ತೆರೆದು ತೋರಿಸಿದರು, ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ಅವರಿಗೆ ನನಗಿಂತ ಹೆಚ್ಚು ಅವಮಾನವಾದಂತಿತ್ತು.

ಮನೆಯಲ್ಲಿ ಗಂಡ, ಸಿಕ್ಕಿದ್ದು ತಗೊಂಡು ಸುಮ್ಮನಿರು, ದೊಡ್ಡವರ ಜೊತೆ ಯಾಕೆ ಎಂದ. ಅತ್ತೆ ಸೀರೆಯ ಪ್ಯಾಕೆಟ್ಟನ್ನು ಬಿಚ್ಚದೆ ಅತ್ತಿತ್ತ ತಿರುಗಿಸಿ ನೋಡಿದರು.

"ನೀ ಎಲ್ಲಾರ್ಕಿಂತ ಮೊದಲ ಬಂದಿದ್ದು ಖರೆ ಏನು?" ಎಂದು ಕೇಳಿದರು.

"ಖರೆ ಅತ್ತಿ."

"ಹಂಗಾರ ಇದನ್ನ ನೀ ಉಡಬ್ಯಾಡ." ಅಷ್ಟು ಹೇಳಿ ಪ್ಯಾಕೆಟ್ಟನ್ನು ಟ್ರಂಕಿನೊಳಗೆ ಇಟ್ಟು ಬೀಗ ಹಾಕಿದರು.

ನಾನು ಸಂಘಕ್ಕೊಂದು ಅರ್ಜಿ ಬರೆದೆ. ಕಪ್ಪು ಬೇಡ, ಶಾಲು ಬೇಡ, ಗೆರೆ ದಾಟಿದ ಕ್ರಮದಲ್ಲಿ ಫಲಿತಾಂಶ ಬರೆಯಿರಿ, ಅಷ್ಟೇ. ಉತ್ತರ ಬರಲಿಲ್ಲ. ಬಂದದ್ದು ಎರಡನೇ ಸ್ಪರ್ಧೆಯ ಕರಪತ್ರ. ಈ ಸಲ ಮೊದಲೇ ಎಚ್ಚರ ವಹಿಸಿದ್ದರು. ಪುರುಷರಿಗೆ ಇಪ್ಪತ್ತು ಕಿಲೋಮೀಟರ್, ಮಹಿಳೆಯರಿಗೆ ಪ್ರತ್ಯೇಕವಾಗಿ ಐದು ಎಂದಿತ್ತು. ಮಹಿಳೆಯರಿಗೆ ಎಂದರೆ ಯಾರಿಗೆ? ಇಡೀ ನಾಲ್ಕು ತಾಲ್ಲೂಕಿನಲ್ಲಿ ಫಿಕ್ಸ್ ಗೇರ್ ತುಳಿಯುವ ಇನ್ನೊಬ್ಬ ಹೆಂಗಸು ಇದ್ದರೆ ನನಗೂ ನೋಡಬೇಕಿತ್ತು. ಫೋನ್ ಮಾಡಿ ಇಪ್ಪತ್ತಕ್ಕೆ ನನ್ನ ಹೆಸರು ಬರೆದುಕೊಳ್ಳಿ ಎಂದೆ. ನಿಯಮ ಬಿಟ್ಟು ಮಾಡಲು ಬರುವುದಿಲ್ಲ ಎಂದರು. ಒಂದು ತಾಸಿನಲ್ಲಿ ನಿಯಮ ಹುಟ್ಟಿಸಿದವರ ಬಾಯಲ್ಲಿ ಆ ಮಾತು.

ಅಷ್ಟರಲ್ಲಿ ಒಂದು ದಿನ ಅನಿಲ ನಮ್ಮ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಚೀಲ, ಚೀಲದಲ್ಲಿ ಘಾಟಿನ ಕಪ್ಪು. ಅತ್ತೆ ಕುಂದ್ರಪ್ಪಾ ಎಂದು ಚಹಾ ಕೊಟ್ಟರು. ಅವನು ಚಹಾ ಮುಟ್ಟಲಿಲ್ಲ, ಕಪ್ಪನ್ನು ನನ್ನ ಮುಂದೆ ಇಟ್ಟ.

"ಅಕ್ಕಾ, ಇದು ನಿಂದು. ರಾತ್ರಿ ನಿದ್ದಿ ಬರವಲ್ದು ನನಗ."

ನನಗೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ನೂರು ಜನರ ಮುಂದೆ ತಗೊಂಡದ್ದನ್ನು ಯಾರೂ ಇಲ್ಲದಾಗ ತಂದುಕೊಡುತ್ತಿದ್ದಾನೆ ಎನಿಸಿತು.

"ಕಪ್ ಯಾಕ ತಂದಿ?" ಎಂದೆ. "ಅವತ್ತ ಸ್ಟೇಜಿನ ಮ್ಯಾಗ ಬಾಯಿ ತಗೀಬೇಕಿತ್ತು."

ಅವನು ತಲೆ ತಗ್ಗಿಸಿ ಕಪ್ಪನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದ. ಬಹಳ ಗಡಸಾಗಿ ಅಂದೆನೆಂದು ಗಂಡ ಬೇಜಾರು ಮಾಡಿಕೊಂಡ. ಅತ್ತೆ ಅವನು ಮುಟ್ಟದ ಚಹಾವನ್ನು ಒಳಗೆ ಒಯ್ದರು.

ಜಗಳವಾದರೂ ಎರಡನೇ ಸ್ಪರ್ಧೆಗೆ ವೇಳೆ ಹಿಡಿಯಲು ಸಂಘಕ್ಕೆ ಯೂಸುಫ್ ಸಾಬರನ್ನು ಬಿಟ್ಟು ಬೇರೆ ಯಾರೂ ಸಿಕ್ಕಿರಲಿಲ್ಲ. ಅವರಿಗೆ ಎಲ್ಲ ಹೇಳಿದೆ. ಹೆಸರು ಬರೆದುಕೊಳ್ಳದಿದ್ದರೂ ಆ ದಿನ ಆ ರಸ್ತೆಯಲ್ಲಿ ಸೈಕಲ್ ತುಳಿಯುತ್ತೇನೆ, ಎಲ್ಲರೂ ಹೋದ ಮೇಲೆ, ಒಂದು ನಿಮಿಷ ಬಿಟ್ಟು. ನೀವು ವೇಳೆ ಹಿಡಿಯುತ್ತೀರಾ ಎಂದೆ. ಅವರು ಬಸಿಯಲ್ಲಿದ್ದ ಚಹಾ ಮುಗಿಸಿ ಹೇಳಿದರು.

"ಬೇಟಿ, ಕೆಲಸ ಕಮಿಟಿದು. ಗಡಿಯಾರ ನಂದು."

ಡಿಸೆಂಬರಿನ ಕೊನೆಯ ಭಾನುವಾರ. ಚಳಿಗೆ ಬೆರಳು ಮರಗಟ್ಟಿದ್ದವು. ತೊಗರಿ ಕೊಯ್ಲಾಗಿ ಹೊಲಗಳು ಬಯಲಾಗಿದ್ದವು, ರಾಶಿಯ ಹೊಟ್ಟು ಗಾಳಿಯಲ್ಲಿ ತೇಲುತ್ತಿತ್ತು. ಚಿತ್ತಾಪುರದ ಹೊರಗೆ ಮೇಜು, ಬ್ಯಾನರು, ಮೈಕು. ಅಲ್ಲಿಂದ ಸೇಡಂ ಕಡೆಗೆ ಹತ್ತು ಕಿಲೋಮೀಟರ್ ಹೋಗಿ, ರಸ್ತೆ ಮಧ್ಯೆ ಇಟ್ಟ ಡಾಂಬರಿನ ಡ್ರಮ್ಮು ಸುತ್ತಿ ವಾಪಸ್ ಬರಬೇಕು. ಫಿಕ್ಸ್ ಗೇರ್ ಇದ್ದವರು ಒಂಬತ್ತೇ ಜನ. ಒಬ್ಬರು ಹೊರಟು ಒಂದು ನಿಮಿಷಕ್ಕೆ ಇನ್ನೊಬ್ಬರು. ಅನಿಲ ಯಾರದೋ ಹಳೇ ಸೈಕಲ್ಲಿಗೆ ಫ್ರೀವೀಲ್ ತೆಗೆಸಿ ತಂದಿದ್ದ. ನನ್ನ ಕಡೆ ನೋಡಲಿಲ್ಲ.

ನಾನು ಸೈಕಲ್ ಹಿಡಿದು ಬದಿಯಲ್ಲಿ ನಿಂತಿದ್ದಾಗ ಆಟೋದಿಂದ ನಮ್ಮತ್ತೆ ಇಳಿದರು. ಬರುತ್ತೇನೆಂದು ಹೇಳಿರಲಿಲ್ಲ. ನೇರ ಮೇಜಿಗೆ ಹೋಗಿ, ಸೆರಗಿನೊಳಗಿಂದ ಸೀರೆಯ ಪ್ಯಾಕೆಟ್ ತೆಗೆದು ಕಾರ್ಯದರ್ಶಿಗಳ ಮುಂದೆ ಇಟ್ಟರು.

"ಇದು ನಿಮ್ಮದು, ತಗೋರಿ. ನಮ್ಮ ಸೊಸಿದೊಂದು ನಿಮ್ಮ ಹತ್ರ ಉಳದದ."

ಅವರು ಕೈಮುಗಿದು, ಯವ್ವಾ, ಇದೆಲ್ಲ ಈಗ ಯಾಕೆ ಎಂದರು. ಅತ್ತೆ ಬೇವಿನ ಗಿಡದ ಕೆಳಗೆ ಹೋಗಿ ಕೂತರು.

ಒಂಬತ್ತನೆಯವನು ಹೊರಟ. ನಾನು ಗೆರೆಗೆ ಬಂದೆ. ಕಾರ್ಯದರ್ಶಿಗಳು ಓಡಿಬಂದು ಹ್ಯಾಂಡಲ್ ಹಿಡಿದರು. ಮೊದಲ ಸಲ ಅವರ ದನಿ ಏರಿತು, ನಿಮಗೇನಾದರೂ ಆದರೆ ಸಂಘ ಜವಾಬ್ದಾರಿಯಲ್ಲ ಎಂದರು. ದಿನಾ ಬೆಳಿಗ್ಗೆ ಲಾರಿಗಳ ನಡುವೆ ಹೋಗುವಾಗ ಯಾರು ಜವಾಬ್ದಾರಿ ಎಂದು ಕೇಳಿದೆ. ಅವರ ಕೈ ಹ್ಯಾಂಡಲ್ ಮೇಲೆಯೇ ಇತ್ತು. ಹಿಂದಿನಿಂದ ಯೂಸುಫ್ ಸಾಬ್, ಗಾಡಿ ಬಿಡುವ ಹೊತ್ತಿನ ದನಿಯಲ್ಲಿ, ಹತ್ತು ಸೆಕೆಂಡ್ ಎಂದರು. ಎಂಟು. ಐದು. ಕಾರ್ಯದರ್ಶಿಗಳು ಕೈ ತೆಗೆದರು.

ಹೋಗುವಾಗ ಎದುರುಗಾಳಿ. ತಲೆ ತಗ್ಗಿಸಿ, ಮೊಣಕೈ ಒಳಗೆಳೆದು, ಕಾಲಿನ ಸುತ್ತನ್ನು ಮಾತ್ರ ಕೇಳುತ್ತ ಹೋದೆ. ಎಂಟನೇ ಕಿಲೋಮೀಟರಿನಲ್ಲಿ ಯಾರೋ ರಸ್ತೆಯ ಅರ್ಧಕ್ಕೆ ತೊಗರಿ ಕಟ್ಟಿಗೆ ಹರವಿದ್ದರು, ವಾಹನಗಳು ತುಳಿದು ಕಾಳು ಬಿಡಿಸಲಿ ಎಂದು. ಬದಿಯಲ್ಲಿ ಲಾರಿ. ಕಟ್ಟಿಗೆಯ ಮೇಲೆಯೇ ಹೋಗಬೇಕಾಯಿತು. ಕಾಲು ನಿಲ್ಲಿಸುವಂತಿಲ್ಲ, ಹಿಂದಿನ ಚಕ್ರ ಜಾರಿತು, ಒಂದು ಕ್ಷಣ ಬಿದ್ದೆನೆಂದೇ ಅಂದುಕೊಂಡೆ. ಬೀಳಲಿಲ್ಲ. ಅದರಿಂದ ವೇಳೆ ಹೋಯಿತೆಂದು ನಾನು ಹೇಳುವುದಿಲ್ಲ, ಆ ಕಟ್ಟಿಗೆ ಎಲ್ಲರ ದಾರಿಯಲ್ಲೂ ಇತ್ತು. ಡ್ರಮ್ಮು ಸುತ್ತಿದ ಮೇಲೆ ಗಾಳಿ ಬೆನ್ನಿಗೆ ಬಂತು. ಮುಂದೆ ಹೊರಟಿದ್ದವರಲ್ಲಿ ಮೂವರನ್ನು ದಾಟಿದೆ. ಕೊನೆಯ ಎರಡು ಕಿಲೋಮೀಟರಿನಲ್ಲಿ ಕಣ್ಣಿಗೆ ರಸ್ತೆಯ ಬಿಳಿ ಗೆರೆಯೊಂದು ಬಿಟ್ಟು ಏನೂ ಕಾಣುತ್ತಿರಲಿಲ್ಲ.

ಎಲ್ಲರೂ ಬಂದು ಸೇರಿದ ಮೇಲೆ ಯೂಸುಫ್ ಸಾಬ್ ಲೆಕ್ಕ ಮಾಡಿ, ಪುಸ್ತಕ ನನ್ನ ಕಡೆ ತಿರುಗಿಸಿದರು. ಅನಿಲ ಮೊದಲು. ನಾನು ಎರಡನೆಯವಳು. ನಡುವೆ ನಾಲ್ಕು ಸೆಕೆಂಡ್. ಸಮತಟ್ಟು ರಸ್ತೆಯಲ್ಲಿ ಅವನ ಹೆಗಲು ನನ್ನನ್ನು ಗೆದ್ದಿತ್ತು. ಸೋತಿದ್ದೆ, ಸರಿಯಾಗಿ ಸೋತಿದ್ದೆ. ವಿಚಿತ್ರವೆಂದರೆ ಎರಡು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಯಿತು.

ಆ ಹಗುರವನ್ನೂ ಅವರು ಉಳಿಸಲಿಲ್ಲ. ಮೈಕಿನಲ್ಲಿ ಮೊದಲ ಸ್ಥಾನ ಅನಿಲ ಎಂದರು. ಎರಡನೇ ಸ್ಥಾನ ಎಂದು ನನಗಿಂತ ಒಂದು ನಿಮಿಷ ಹೆಚ್ಚು ತಗೊಂಡವನ ಹೆಸರು ಓದಿದರು. ಆಗ ಅನಿಲ ಕಪ್ಪು ತಗೊಳ್ಳದೆ ಮೈಕಿನ ಹತ್ತಿರ ಬಂದ.

"ಎರಡನೇದು ವಾಡಿ ಸುವರ್ಣಕ್ಕಂದು," ಎಂದ. "ಘಾಟಿನಾಗ ಮೊದಲನೇದೂ ಆಕಿದೇ ಇತ್ತು. ನಾ ಅವತ್ತ ಸುಮ್ಮನ ನಿಂತಿದ್ದೆ."

ಯಾರೋ ಮೈಕಿನ ವೈರು ಕಿತ್ತರು. ಆದರೆ ಮಾತು ಮುಗಿದಿತ್ತು. ಜನ ಗುಜುಗುಜು ಎಂದರು, ಒಂದಿಬ್ಬರು ಚಪ್ಪಾಳೆ ತಟ್ಟಿದರು, ಕೆಲವರು ಎದ್ದು ಹೋದರು. ನಾನು ಮೇಜಿಗೆ ಹೋದೆ. ಈ ಸಲ ನಗಲಿಲ್ಲ.

"ಗೆದ್ದಾಗ ಗೆದ್ದಿದ್ದು ಬರೀಲಿಲ್ಲ ನೀವು," ಎಂದೆ. "ಇವತ್ತ ಸೋತೀನಿ. ಸೋತಿದ್ದನ್ನಾದ್ರೂ ಬರೀರಿ."

ಕಾರ್ಯದರ್ಶಿಗಳು ಕಾಗದಗಳನ್ನು ಜೋಡಿಸುತ್ತ ಇದ್ದರು. ಬರೆಯಲಿಲ್ಲ. ಇಂದಿಗೂ ಬರೆದಿಲ್ಲ. ಮರುವರ್ಷದ ಕರಪತ್ರದಲ್ಲಿ ಎಲ್ಲರಿಗೂ ಮುಕ್ತ ಎಂಬ ಸಾಲನ್ನು ತೆಗೆದು ಪುರುಷರಿಗೆ ಮಾತ್ರ ಎಂದು ಹಾಕಿದರು. ಅನಿಲ ಹೋಗಲಿಲ್ಲ. ಆರೇಳು ಜನ ಮಾತ್ರ ಬಂದರಂತೆ. ಅದರ ಮುಂದಿನ ವರ್ಷ ಸ್ಪರ್ಧೆಯೇ ಇಲ್ಲ. ಸಂಘ ಉಳಿಸಲು ಮಾಡಿದ್ದು ಇದು.

ಸ್ಪರ್ಧೆಯಾದ ಮೂರನೇ ದಿನ ಯೂಸುಫ್ ಸಾಬ್ ಒಂದು ದೊಡ್ಡ ಹಾಳೆಯಲ್ಲಿ ಹತ್ತೂ ಜನರ ಹೆಸರು, ವೇಳೆ ಬರೆದು ಚಹಾದ ಅಂಗಡಿಯ ಹೊರಗೋಡೆಗೆ ಅಂಟಿಸಿದರು. ಕೆಳಗೆ ತಮ್ಮ ಸಹಿ. ಸಂಜೆ ಅತ್ತೆಯನ್ನು ಕರೆದುಕೊಂಡು ಹೋದೆ. ನಿನ್ನ ಹೆಸರು ಯಾವುದು ಎಂದರು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು, ನಾಲ್ಕು ಸೆಕೆಂಡ್ ಅಂದರೆ ಎಷ್ಟು ಎಂದು ಕೇಳಿದರು. ಹೇಳಲು ತಿಳಿಯದೆ ಅವರ ಮಣಿಕಟ್ಟು ಹಿಡಿದು, ನಾಡಿಯ ಮೇಲೆ ಅವರದೇ ಬೆರಳು ಇಡಿಸಿ, ಗಡಿಯಾರ ನೋಡುತ್ತ ಎಣಿಸಿದೆ. ಐದು ಬಡಿತ.

"ಇಷ್ಟೇ ಏನು?"

"ಇಷ್ಟೇ ಅತ್ತಿ."

ಅವರು ಯೂಸುಫ್ ಸಾಬರ ಕಡೆ ತಿರುಗಿದರು.

"ಸಾಬ್ರ, ಇದು ಸೋತಿದ್ದು. ಘಾಟಿಂದೂ ಇದರ ಮ್ಯಾಗ ಬರೀರಿ."

ಸಾಬ್ ಪೆನ್ನು ತೆಗೆದು ಅಲ್ಲಿಯೇ, ಗೋಡೆಗೆ ನಿಂತು, ಪುಸ್ತಕ ನೋಡಿ ಬರೆದರು. ಕುಂಚಾವರಂ ಘಾಟ್: ಒಂದು, ಸುವರ್ಣಾ, ವಾಡಿ. ಎರಡು, ಅನಿಲ, ಶಹಾಬಾದ್. ವಾರದೊಳಗೆ ಯಾರೋ ಅದನ್ನು ಹರಿದರು. ಸಾಬ್ ಇನ್ನೊಂದು ಬರೆದರು. ಅದನ್ನೂ ಹರಿದರು. ಮೂರನೆಯದಕ್ಕೆ ಸಗಣಿ ಮೆತ್ತಿದರು. ನಾಲ್ಕನೆಯದನ್ನು ನಾನೇ ಬರೆದೆ. ಡ್ಯೂಟಿಗೆ ಹೊರಟ ಬಟ್ಟೆಯಲ್ಲೇ, ಬೆಳಗಿನ ಪ್ಯಾಸೆಂಜರ್ ಗಾಡಿಯ ಜನರೆಲ್ಲ ಇಳಿದು ಬರುವ ಹೊತ್ತಿಗೆ, ಗೋಡೆಗೆ ಗೋಂದು ಹಚ್ಚಿ ಅಂಟಿಸಿದೆ. ನಿಂತು ಓದಿದವರು ಓದಿದರು. ಒಬ್ಬಾತ, ಇದು ಯಾರು ಸುವರ್ಣಾ ಎಂದು ಅಂಗಡಿಯವನನ್ನು ಕೇಳಿದ.

"ನಾನ್ರಿ," ಎಂದೆ.

ಆ ಹಾಳೆಯನ್ನು ಯಾರೂ ಹರಿಯಲಿಲ್ಲ.